ಹಳೇ ಟ್ರ್ಯಾಕ್ಟರಿನ ಹಲ್ಲು ನೋಡುವುದು ಹೇಗೆ?

ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೇವೆ. ಹಳೇ ಟ್ರ್ಯಾಕ್ಟರ್ ಕೊಳ್ಳುವಾಗ ಮಾತ್ರ ಬಣ್ಣ, ಟಾಯರ್ ನೋಡಿ ಮುಂಗಡ ಕೊಟ್ಟುಬಿಡುತ್ತೇವೆ. ಇಂಜಿನ್ನಿಗೂ ಹಲ್ಲಿದೆ, ಅದರ ವಯಸ್ಸು ಗಂಟೆಯಲ್ಲಿದೆ. ಅದನ್ನು ಪತ್ತೆ ಹಚ್ಚಲು ನಾಲ್ಕು ತಾಲೂಕು ತಿರುಗಿದ ಅನುಭವ ಇಲ್ಲಿದೆ.

ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆ ದನಗಳಿಗೆ ಹೆಸರಾದದ್ದು. ಅಲ್ಲಿ ಎತ್ತು ಕೊಳ್ಳುವವನು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಆಮೇಲೆ ಸುಳಿ, ಗೊರಸು, ನಡಿಗೆ. ಮಾರುವವನು ಏನೇ ಹೇಳಲಿ, ಹಲ್ಲು ಸುಳ್ಳು ಹೇಳುವುದಿಲ್ಲ. ಈಗ ನಮ್ಮ ಕಡೆ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಹೊಸದು ಕೈಗೆಟುಕದವರು ಹಳೆಯದನ್ನೇ ನೋಡುತ್ತಾರೆ. ಆದರೆ ಹಲ್ಲು ನೋಡುವ ವಿದ್ಯೆ ಎತ್ತಿನ ಜತೆಗೇ ಹೋಯಿತೇನೋ ಅನ್ನಿಸುತ್ತದೆ.

ನಮ್ಮದು ಚಿಕ್ಕೋಡಿ ತಾಲೂಕು. ಆರು ಎಕರೆ ಕಬ್ಬು, ಎರಡು ಎಕರೆ ಸೋಯಾ. 2023ರ ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಹುಡುಕಲು ಹೊರಟಾಗ ಕೈಯಲ್ಲಿದ್ದ ಹಣ 3 ಲಕ್ಷ 20 ಸಾವಿರ. ಜೋಡೆತ್ತು ಮಾರಿದ್ದು, ಕಬ್ಬಿನ ಬಿಲ್ಲು, ಮನೆಯವಳು ಎಮ್ಮೆ ಹಾಲು ಹಾಕಿ ಡೇರಿಯಲ್ಲಿ ಉಳಿಸಿದ್ದು ಎಲ್ಲ ಸೇರಿ ಇಷ್ಟು. ಎತ್ತು ಕೊಟ್ಟಾಗಿತ್ತು. ತಂದ ಟ್ರ್ಯಾಕ್ಟರ್ ಆರು ತಿಂಗಳಲ್ಲಿ ಇಂಜಿನ್ ಕೆಲಸಕ್ಕೆ ನಿಂತರೆ ಮುಂದೆ ಬಡ್ಡಿ ಸಾಲ ಒಂದೇ ದಾರಿ. ಹೀಗಾಗಿ ಅವಸರ ಮಾಡದೆ ನೋಡಬೇಕೆಂದು ಮನೆಯಲ್ಲಿ ಮೊದಲೇ ನಿರ್ಧರಿಸಿದ್ದೆವು. ಎರಡು ತಿಂಗಳಲ್ಲಿ ನಾಲ್ಕು ಗಾಡಿ ನೋಡಿದೆ: ರಾಯಬಾಗ ಕಡೆ ಒಂದು, ಅಥಣಿ ಕಡೆ ಒಂದು, ಕಾಗವಾಡದಲ್ಲಿ ಒಂದು, ನಿಪ್ಪಾಣಿ ಕಡೆ ಒಂದು. ಒಂದೊಂದೂ ಒಂದೊಂದು ಪಾಠ ಕಲಿಸಿತು.

ಮೀಟರ್ ಒಂದನ್ನೇ ನಂಬಬೇಡಿ

ಟ್ರ್ಯಾಕ್ಟರಿಗೆ ಕಿಲೋಮೀಟರ್ ಲೆಕ್ಕವಿಲ್ಲ, ಗಂಟೆ ಲೆಕ್ಕ. ಹಳೇ ಮಾದರಿಗಳಲ್ಲಿ ಗಂಟೆ ಮೀಟರ್ ಇಂಜಿನ್ನಿನಿಂದ ಬರುವ ಕೇಬಲ್ಲಿನಿಂದ ತಿರುಗುತ್ತದೆ. ಇಂಜಿನ್ ನಿಗದಿತ ವೇಗದಲ್ಲಿ ಓಡಿದರಷ್ಟೇ ಗಡಿಯಾರದ ಒಂದು ಗಂಟೆಗೆ ಮೀಟರಿನಲ್ಲೂ ಒಂದು ಗಂಟೆ. ಅರ್ಧ ವೇಗದಲ್ಲಿ ಓಡಿದರೆ ಅರ್ಧ ಗಂಟೆ ಮಾತ್ರ. ಕೇಬಲ್ ಹರಿದರೆ ಸೊನ್ನೆ. ಕೇಬಲ್ ಬಿಚ್ಚಿಡುವವರೂ ಇದ್ದಾರೆ, ಮೀಟರನ್ನೇ ಬದಲಿಸುವವರೂ ಇದ್ದಾರೆ.

ರಾಯಬಾಗ ಕಡೆಯ ಟ್ರ್ಯಾಕ್ಟರ್ ಎಂಟು ವರ್ಷದ್ದು. 50 ಎಚ್‌ಪಿ. ಮೀಟರ್ 2,900 ಗಂಟೆ ತೋರಿಸುತ್ತಿತ್ತು. ಬೆಲೆ 4 ಲಕ್ಷ 60 ಸಾವಿರ, ಚೌಕಾಸಿಗೆ ಅವಕಾಶ ಇತ್ತು. ‘ಫ್ಯಾಕ್ಟರಿಗಿ ಎಂಟು ಹಂಗಾಮ ಕಬ್ಬ ಹೊಡದೇತ್ರಿ, ಒಂದ್ ದಿನಾ ನಿಂತಿಲ್ಲ’ ಎಂದು ಮಾಲೀಕರು ಹೆಮ್ಮೆಯಿಂದ ಹೇಳಿದರು. ಆ ಮಾತೇ ಲೆಕ್ಕ ಕೊಟ್ಟಿತು. ದಿನಕ್ಕೆ 8 ಗಂಟೆ, ಹಂಗಾಮಿಗೆ 120 ದಿನ ಅಂತ ಹಿಡಿದರೂ ವರ್ಷಕ್ಕೆ 960 ಗಂಟೆ. ಎಂಟು ಹಂಗಾಮಿಗೆ 7,680. ಮೀಟರಿನ ಅಂಕಿ ಇದರ ಅರ್ಧವೂ ಇಲ್ಲ!

ಗಂಟೆ ಪತ್ತೆಗೆ ಇನ್ನೂ ಮೂರು ದಾರಿಗಳಿವೆ.

1. ಕಬ್ಬು ಸಾಗಣೆಯ ಬಿಲ್ಲು. ಹಂಗಾಮಿನಲ್ಲಿ ಎಷ್ಟು ಖೇಪು, ಎಷ್ಟು ದೂರ ಎಂಬುದು ಅದರಲ್ಲಿ ಇರುತ್ತದೆ.

2. ಡೀಸೆಲ್ ಖಾತೆ. ಪಂಪಿನಲ್ಲಿ ಉದ್ರಿ ಬರೆಸಿದ ಪುಸ್ತಕ ಇದ್ದರೆ ಒಟ್ಟು ಲೀಟರನ್ನು ಗಂಟೆಗೆ ನಾಲ್ಕೈದು ಲೀಟರಿನಂತೆ ಭಾಗಿಸಿ. ಅಂದಾಜು ಸಿಗುತ್ತದೆ.

3. ಗಾಡಿಯ ಮೈ. ಕ್ಲಚ್ ಮತ್ತು ಬ್ರೇಕ್ ಪೆಡಲಿನ ಗೀರು ಸವೆದು ನುಣುಪಾಗಿವೆಯೇ? ಟ್ರೇಲರ್ ಸಿಗಿಸುವ ಹುಕ್ಕಿನ ತೂತು ಮೊಟ್ಟೆಯಾಕಾರ ಆಗಿದೆಯೇ? ಮುಂದಿನ ಗಾಲಿ ಎತ್ತಿ ಅಲುಗಾಡಿಸಿದರೆ ಲಟಲಟ ಅನ್ನುತ್ತದೆಯೇ? 2,900 ಗಂಟೆಗೆ ಇಷ್ಟು ಸವೆಯುವುದಿಲ್ಲ. ಟ್ರ್ಯಾಕ್ಟರಿನ ಹಲ್ಲು ಎಂದರೆ ಇವೇ.

ವಿಮಾನದವರ ಪುಸ್ತಕ

ಅದೇ ಮೇ ತಿಂಗಳಲ್ಲಿ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹಾರಿದ ಸಣ್ಣ ತರಬೇತಿ ವಿಮಾನವೊಂದು ಹೊನ್ನಿಹಾಳದ ಬಳಿ ಹೊಲದಲ್ಲಿ ತುರ್ತಾಗಿ ಇಳಿದಿತ್ತು. ಒಳಗಿದ್ದ ಇಬ್ಬರೂ ಉಳಿದರು. ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ವಿಮಾನ ದುರಸ್ತಿ ಕೆಲಸದಲ್ಲಿದ್ದಾನೆ. ಫೋನಿನಲ್ಲಿ ಇದೇ ಸುದ್ದಿ ಮಾತಾಡುತ್ತ, ನಾನು ಹಳೇ ಟ್ರ್ಯಾಕ್ಟರ್ ಹುಡುಕುತ್ತಿರುವುದನ್ನು ಹೇಳಿದೆ. ‘ಇಂಜಿನ್ ಬುಕ್ ಐತೇನು ಮಾಮಾ?’ ಅಂತ ಕೇಳಿದ. ಅದೇನದು ಎಂದು ವಿಚಾರಿಸಿದೆ. ಅವನು ಹೇಳಿದ್ದರ ಸಾರಾಂಶ ಇಷ್ಟು.

ಹಳೇ ಸಣ್ಣ ವಿಮಾನಗಳನ್ನೂ ಜನ ಮಾರುತ್ತಾರೆ, ಕೊಳ್ಳುತ್ತಾರೆ. ವಿಮಾನದ ಮೈಗೊಂದು ಪುಸ್ತಕ, ಇಂಜಿನ್ನಿಗೇ ಬೇರೆ ಪುಸ್ತಕ. ಇಂಜಿನ್ ಹುಟ್ಟಿದಂದಿನಿಂದ ಎಷ್ಟು ಗಂಟೆ ಓಡಿದೆ, ಪೂರ್ತಿ ಬಿಚ್ಚಿ ಕಟ್ಟಿದ ಮೇಲೆ ಎಷ್ಟು ಗಂಟೆ, ಯಾರು ಕಟ್ಟಿದರು, ಯಾವ ಬಿಡಿಭಾಗ ಹಾಕಿದರು ಎಲ್ಲವೂ ಸಹಿ ಸಮೇತ ಅದರಲ್ಲಿರಬೇಕು. ಲೈಕಮಿಂಗ್ ಕಂಪನಿಯ ಓ-320 ಎಂಬ ನಾಲ್ಕು ಸಿಲಿಂಡರಿನ ಇಂಜಿನ್ ಸಣ್ಣ ವಿಮಾನಗಳಲ್ಲಿ ಬಹಳ ಬಳಕೆಯಲ್ಲಿದೆ. ಅದನ್ನು 2,000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಆಗ ಬಿಚ್ಚಿ ಕಟ್ಟಬೇಕೆಂದು ಕಂಪನಿಯೇ ಹೇಳುತ್ತದೆ. ಹಾರದೆ ನಿಂತ ವಿಮಾನದ ಇಂಜಿನ್ ಒಳಗೊಳಗೇ ತುಕ್ಕು ಹಿಡಿಯುತ್ತದೆ, ಅದಕ್ಕೇ ವರ್ಷದ ಲೆಕ್ಕವೂ ಬೇಕು. ಫ್ಯಾನು ನೆಲಕ್ಕೆ ತಾಗಿದ್ದರೆ ಇಂಜಿನ್ ಬಿಚ್ಚಿ ನೋಡಿ, ಅದನ್ನೂ ಬರೆದಿಡಬೇಕು. ವಿಮಾನದಲ್ಲಿ ಏನಾದರೂ ಬದಲಾವಣೆ ಮಾಡಿದ್ದರೆ ಅದಕ್ಕೆ ಒಪ್ಪಿಗೆಯ ಕಾಗದ ಬೇಕು. ಕಾಗದವಿಲ್ಲದ ಬದಲಾವಣೆ ಎಷ್ಟೇ ಚೆನ್ನಾಗಿರಲಿ, ಬೆಲೆ ಇಳಿಯುತ್ತದೆ.

ನಮ್ಮ ಹೊಲಕ್ಕೂ ವಿಮಾನಕ್ಕೂ ಏನು ಸಂಬಂಧ ಅನ್ನಬೇಡಿ. ಪೈರಿಗೆ ಔಷಧಿ ಸಿಂಪಡಿಸಲೆಂದೇ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆ ‘ಬಸಂತ್’ ಎಂಬ ವಿಮಾನ ಮಾಡಿತ್ತು. 1972ರಲ್ಲಿ ಅದು ಹಾರಿತು. ಅದರ 400 ಎಚ್‌ಪಿ ಇಂಜಿನ್ನೂ ಲೈಕಮಿಂಗ್ ಕಂಪನಿಯದೇ.

ಕೊನೆಗೆ ಅಳಿಯ ಹೇಳಿದ ಒಂದು ಮಾತು ಬಹಳ ಉಪಯೋಗಕ್ಕೆ ಬಂತು. ‘ಪುಸ್ತಕ ಇಲ್ಲದ ಇಂಜಿನ್ನಿಗಿ ನಾವು ಬಿಚ್ಚಾಕ ಬಂದ ಇಂಜಿನ್ ಅಂತನ ರೇಟ್ ಕಟ್ತೀವಿ ಮಾಮಾ. ನೀನೂ ಹಂಗ ಮಾಡು.’

‘ಮಾಡಿಫೈ’ ಬೆಲೆ ಏರಿಸುವುದಲ್ಲ, ಇಳಿಸುವುದು

ನಮ್ಮ ಭಾಗದಲ್ಲಿ ಎರಡೆರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರುಗಳನ್ನು ಬದಲಾಯಿಸದೆ ಬಿಡುವವರು ಕಡಿಮೆ. ಹಿಂದೆ ದಪ್ಪ ಟಾಯರ್, ಮುಂದೆ ಹೆಚ್ಚಿನ ತೂಕ, ಹುಕ್ಕಿಗೆ ಪಟ್ಟಿ ವೆಲ್ಡಿಂಗ್, ಡೀಸೆಲ್ ಪಂಪ್ ‘ಏರಿಸುವುದು’. ಮಾರುವಾಗ ಇದನ್ನೆಲ್ಲ ಲಾಭವೆಂದು ತೋರಿಸುತ್ತಾರೆ. ರಾಯಬಾಗದ ಗಾಡಿಯಲ್ಲಿ ಇಷ್ಟೂ ಇತ್ತು, ಮೇಲೆ ದೊಡ್ಡ ಸ್ಪೀಕರ್ ಬೇರೆ.

ಇದನ್ನು ತಿರುಗಿಸಿ ಯೋಚಿಸಬೇಕು. ಪಂಪ್ ಏರಿಸಿದರೆ ಇಂಜಿನ್ನಿಗೆ ಡೀಸೆಲ್ ಹೆಚ್ಚು ಹೋಗುತ್ತದೆ, ಗಾಳಿ ಅಷ್ಟೇ ಇರುತ್ತದೆ. ಸುಡದ ಡೀಸೆಲ್ ಕಪ್ಪು ಹೊಗೆಯಾಗುತ್ತದೆ, ಪಿಸ್ಟನ್ ತಲೆ ಹೆಚ್ಚು ಕಾಯುತ್ತದೆ. ದಪ್ಪ ಟಾಯರ್, ಹೆಚ್ಚಿನ ತೂಕ ಹಾಕಿದರೆ ಗಾಲಿ ಜಾರುವುದು ಕಡಿಮೆಯಾಗಿ ಆ ಎಳೆತವೆಲ್ಲ ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ. ಅಂದರೆ ಪ್ರತಿಯೊಂದು ಬದಲಾವಣೆಯೂ ‘ಈ ಗಾಡಿ ತನ್ನ ಶಕ್ತಿ ಮೀರಿ ದುಡಿದಿದೆ’ ಎಂಬುದಕ್ಕೆ ಸಾಕ್ಷಿ. ಪಂಪಿನಲ್ಲಿ ಕಂಪನಿ ಹಾಕಿದ ಸೀಸದ ಸೀಲು ಇದೆಯೇ ನೋಡಿ. ಇಲ್ಲದಿದ್ದರೆ ಯಾರು, ಯಾವಾಗ, ಯಾಕೆ ಬಿಚ್ಚಿದರು ಕೇಳಿ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್.ಸಿ.ಯಲ್ಲಿರುವ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವಂತಿಲ್ಲ. ಇಂಜಿನ್ನನ್ನೇ ಬದಲಿಸಿದ್ದರೆ ಅದು ಆರ್.ಸಿ.ಯಲ್ಲಿ ಏರಿರಬೇಕು. ಇಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಗ್ರೀಸ್ ಒರೆಸಿ ಕಣ್ಣಾರೆ ಓದಿ, ಕಾಗದದ ಜತೆ ತಾಳೆ ನೋಡಿ.

ತಣ್ಣಗಿರುವಾಗಲೇ ನೋಡಬೇಕು

ಇಂಜಿನ್ ನೋಡಲು ಹೋಗುವುದಾದರೆ ಬೆಳಿಗ್ಗೆ ಹೋಗಿ. ಬರುವ ಮೊದಲು ಚಾಲೂ ಮಾಡಬೇಡಿ ಎಂದು ಹೇಳಿರಿ. ಹೋದ ತಕ್ಷಣ ಇಂಜಿನ್ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ವಾಪಸಾಗಿ. ಸವೆದ ಡೀಸೆಲ್ ಇಂಜಿನ್ ತಣ್ಣಗಿರುವಾಗ ಚಾಲೂ ಆಗಲು ಹಟ ಮಾಡುತ್ತದೆ. ಕಾಯಿಸಿಟ್ಟರೆ ಒಂದೇ ಸೆಲ್ಫಿಗೆ ಏಳುತ್ತದೆ. ನನ್ನ ಜತೆ ನಮ್ಮೂರ ಮಿಸ್ತ್ರಿ ಇದ್ದರು. ಅವರ ಕ್ರಮ ಹೀಗಿತ್ತು.

ಆಯಿಲ್: ಕಡ್ಡಿ ಎಳೆದು ನೋಡುವುದು. ಡೀಸೆಲ್ ಇಂಜಿನ್ನಿನ ಆಯಿಲ್ ಕಪ್ಪಗಿರುವುದು ಸಹಜ. ಜೇನಿನ ಹಾಗೆ ಹೊಳೆಯುತ್ತಿದ್ದರೆ ನಿನ್ನೆ ಬದಲಿಸಿದ್ದಾರೆ ಎಂದರ್ಥ, ಯಾಕೆಂದು ಕೇಳಬೇಕು. ತೀರ ಗಟ್ಟಿಯಿದ್ದರೆ ಶಬ್ದ ಮುಚ್ಚಲು ಗೇರ್ ಆಯಿಲ್ ಬೆರೆಸಿರಬಹುದು. ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ.

ರೇಡಿಯೇಟರ್: ತಣ್ಣಗಿರುವಾಗ ಮಾತ್ರ ಮುಚ್ಚಳ ತೆಗೆಯಬೇಕು. ನೀರಿನ ಮೇಲೆ ಎಣ್ಣೆ ಪದರ, ಚಾಲೂ ಮಾಡಿದ ಮೇಲೆ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಥವಾ ಹೆಡ್ ಸೀಳಿದೆ.

ಗಾಳಿ ದಾರಿ: ಇದನ್ನು ನೋಡುವವರೇ ಇಲ್ಲ. ಏರ್ ಕ್ಲೀನರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪು ಬಿಚ್ಚಿ, ಒಳಗೆ ಬಿಳಿ ಬಟ್ಟೆಯಿಂದ ಒರೆಸಬೇಕು. ಮಣ್ಣು ಬಂದರೆ ಇಂಜಿನ್ ದೂಳು ತಿಂದಿದೆ. ದೂಳು ತಿಂದ ಇಂಜಿನ್ನಿನ ಲೈನರ್, ರಿಂಗು ಮರಳುಕಾಗದ ಉಜ್ಜಿದಂತೆ ಸವೆದಿರುತ್ತವೆ, ಗಂಟೆ ಎಷ್ಟೇ ಕಡಿಮೆ ಇರಲಿ.

ಹೊಗೆ: ಚಾಲೂ ಆದಾಗ ಸ್ವಲ್ಪ ಹೊತ್ತು ಬಿಳಿ ಹೊಗೆ ಬರುವುದು ಸಹಜ. ಕಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಸುಡುತ್ತಿದೆ. ಭಾರಕ್ಕೆ ಹಾಕಿದಾಗ ಕಪ್ಪು ಹೊಗೆ ನಿಲ್ಲದೆ ಬಂದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು.

ಉಸಿರು: ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡುವುದು. ಅಲ್ಲಿಂದ ಹೊಗೆ ಬುಸುಬುಸು ಬಂದರೆ ರಿಂಗಿನ ಪಕ್ಕದಿಂದ ಗಾಳಿ ಕೆಳಗಿಳಿಯುತ್ತಿದೆ.

ಕಂಪ್ರೆಷನ್: ನೋಜಲ್ ಬಿಚ್ಚಿ ಆ ತೂತಿಗೆ ಗೇಜು ಹಾಕಿ ನೋಡುವುದು. ಎಲ್ಲ ಸಿಲಿಂಡರಿನ ಅಂಕಿಗಳೂ ಹತ್ತಿರ ಹತ್ತಿರ ಇರಬೇಕು. ಒಂದು ಮಾತ್ರ ಬಹಳ ಕೆಳಗಿದ್ದರೆ ಅಲ್ಲಿ ವಾಲ್ವೋ ರಿಂಗೋ ಹೋಗಿದೆ.

ಕೊನೆಗೆ ತುಂಬಿದ ಟ್ರೇಲರ್ ಕಟ್ಟಿ ಅರ್ಧ ಗಂಟೆ ಓಡಿಸುವುದು. ಚೆನ್ನಾಗಿ ಕಾದ ಮೇಲೆ ನಿಧಾನ ವೇಗದಲ್ಲಿ ಆಯಿಲ್ ಒತ್ತಡ ಬಿದ್ದುಹೋದರೆ ಬೇರಿಂಗ್ ಸವೆದಿವೆ. ಖಾಲಿ ನಿಲ್ಲಿಸಿ ಆಕ್ಸಲರೇಟರ್ ಒತ್ತಿ ತೋರಿಸುವುದು ಪರೀಕ್ಷೆಯೇ ಅಲ್ಲ.

ರಾಯಬಾಗದ ಗಾಡಿಯ ಉಸಿರು ನೋಡಿದ ಕೂಡಲೇ ಮಿಸ್ತ್ರಿ ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿದರು. ಚಹಾ ಕುಡಿದು ಬಂದೆವು.

ಹೊಳೆ ನೀರು ಕಂಡ ಗಾಡಿ

ಅಥಣಿ ಕಡೆಯ ಟ್ರ್ಯಾಕ್ಟರ್ ಕೃಷ್ಣಾ ದಂಡೆಯ ಊರಿನದು. ಐದು ವರ್ಷದ್ದು, ಗಂಟೆ ಕಡಿಮೆ, ಬೆಲೆಯೂ ಕಡಿಮೆ. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯವರಿಗೆ 2019ರ ಆಗಸ್ಟ್, 2021ರ ಜುಲೈ ಮರೆಯುವಂತಿಲ್ಲ. ಜನ ಉಟ್ಟ ಬಟ್ಟೆಯಲ್ಲಿ ಹೊರಬಂದರು, ಟ್ರ್ಯಾಕ್ಟರುಗಳು ನೀರಲ್ಲೇ ನಿಂತವು. ಅದರಲ್ಲಿ ಮಾಲೀಕರ ತಪ್ಪೇನಿಲ್ಲ. ಆದರೆ ಕೊಳ್ಳುವವನಿಗೆ ಅದು ಗೊತ್ತಿರಬೇಕು.

ನೋಡಬೇಕಾದ ಜಾಗ ಇವು: ಹೆಡ್‌ಲೈಟಿನ ಗಾಜಿನೊಳಗೆ ಕೆಸರಿನ ಗೆರೆ, ಮೀಟರ್ ಡಬ್ಬಿಯೊಳಗೆ ಮಬ್ಬು, ಸೀಟಿನ ಕೆಳಗಿನ ಸ್ಪ್ರಿಂಗು, ಡೈನಮೋ, ವಯರಿನ ಜೋಡಣೆಗಳಲ್ಲಿ ಹಸಿರು ಕಿಲುಬು, ಕ್ಲಚ್ ಇರುವ ಡಬ್ಬಿಯ ಕೆಳಗಿನ ತೂತಿನಲ್ಲಿ ಒಣಗಿದ ರೇವೆ ಮಣ್ಣು. ಈ ಗಾಡಿಯಲ್ಲಿ ಕಡ್ಡಿ ಹಾಕಿ ಕೆದಕಿದಾಗ ರೇವೆ ಉದುರಿತು. ಇಂಜಿನ್ ಬಿಚ್ಚಿ ತೊಳೆದ ಬಿಲ್ಲು ಇದೆಯೇ ಎಂದು ಕೇಳಿದೆ, ಇರಲಿಲ್ಲ. ನೀರಲ್ಲಿ ನಿಂತು, ತೊಳೆಯದೆ ತಿಂಗಳುಗಟ್ಟಲೆ ಉಳಿದ ಇಂಜಿನ್ನಿನ ಕಡಿಮೆ ಗಂಟೆಗೆ ಬೆಲೆಯಿಲ್ಲ. ಹಾರದ ವಿಮಾನಕ್ಕೆ ಹೇಳಿದ್ದೇ ಇಲ್ಲಿಗೂ ಅನ್ವಯ.

ಗಡಿಯಾಚೆಯ ನಂಬರ್

ಕಾಗವಾಡದಲ್ಲಿ ನೋಡಿದ್ದು ಸಾಂಗ್ಲಿಯ ಎಂ.ಎಚ್.-10 ನಂಬರಿನ ಗಾಡಿ. ಇಂಜಿನ್ ಒಳ್ಳೆಯದಿತ್ತು, ಮಿಸ್ತ್ರಿಯೂ ಒಪ್ಪಿದರು. ನಮ್ಮಲ್ಲಿ ಗಡಿ ಎಂಬುದು ರಸ್ತೆಯ ಮೇಲಿನ ಬೋರ್ಡು ಅಷ್ಟೇ. ಬೀಗರು ಆಚೆ, ಸಂತೆ ಆಚೆ. ಆದರೆ ಆರ್.ಟಿ.ಓ. ಕಚೇರಿಗೆ ಗಡಿ ಗಡಿಯೇ. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇರುವುದಾದರೆ ಇಲ್ಲಿನ ನಂಬರ್ ಪಡೆಯಬೇಕು. ಚಿಕ್ಕೋಡಿಯದಾದರೆ ಕೆ.ಎ.-23. ಅದಕ್ಕೆ ಬೇಕಾದ ಕಾಗದ:

* ಹಳೇ ಆರ್.ಟಿ.ಓ.ದಿಂದ ನಿರಾಕ್ಷೇಪಣಾ ಪತ್ರ - ಫಾರಂ 28
* ಮಾಲೀಕತ್ವ ವರ್ಗಾವಣೆ - ಫಾರಂ 29 ಮತ್ತು 30
* ಹೊಸ ನಂಬರಿಗೆ ಅರ್ಜಿ - ಫಾರಂ 27
* ಸಾಲ ತೀರಿದ್ದರೆ ಬ್ಯಾಂಕಿನ ಸಹಿಯೊಂದಿಗೆ ಫಾರಂ 35

ಈಗ ಮೊಬೈಲಿನಲ್ಲೇ ‘ಎಂ-ಪರಿವಾಹನ್’ನಲ್ಲಿ ನಂಬರ್ ಹಾಕಿದರೆ ನೋಂದಣಿ ದಿನಾಂಕ, ಸಾಲದ ಹೊರೆ ಇದೆಯೇ, ವಿಮೆ ಎಲ್ಲಿಯವರೆಗೆ ಎಂಬುದು ತಿಳಿಯುತ್ತದೆ. ಈ ಗಾಡಿಯ ಮೇಲೆ ಸಾಲ ಇನ್ನೂ ಇತ್ತು. ‘ನೀವು ರೊಕ್ಕಾ ಕೊಡ್ರಿ, ಅದರಾಗ ತುಂಬಿ ಕಾಗದ ತಂದ್ಕೊಡ್ತೇನಿ’ ಎಂದರು. ಬ್ಯಾಂಕಿಗೆ ಇಬ್ಬರೂ ಕೂಡಿ ಹೋಗಿ ನೇರ ತುಂಬೋಣ ಎಂದೆ. ಒಪ್ಪಲಿಲ್ಲ. ಬಿಟ್ಟೆ. ಇನ್ನೊಂದು ವಿಷಯ: ಕಬ್ಬು ಸಾಗಣೆಯ ಗಾಡಿಯಾದರೆ ಮಾಲೀಕರು ಫ್ಯಾಕ್ಟರಿಯಿಂದ ಮುಂಗಡ ಪಡೆದಿದ್ದಾರೆಯೇ ವಿಚಾರಿಸಿ. ಆ ಬಾಕಿ ಗಾಡಿಯ ಬೆನ್ನು ಹತ್ತಿ ನಿಮ್ಮ ಮನೆಗೆ ಬರಬಾರದು.

ಪ್ಲಾಸ್ಟಿಕ್ ಚೀಲದಲ್ಲಿದ್ದ ಚರಿತ್ರೆ

ನಿಪ್ಪಾಣಿ ಕಡೆಯದು 12 ವರ್ಷದ ಗಾಡಿ, 45 ಎಚ್‌ಪಿ, ಮೂರು ಸಿಲಿಂಡರ್. ಬಣ್ಣ ಹೋಗಿತ್ತು. ಮೀಟರ್ ಕೆಟ್ಟು ನಾಲ್ಕು ವರ್ಷವಾಗಿತ್ತು. ಚಾಲೂ ಮಾಡಿದರೆ ನೀಲಿ ಹೊಗೆ. ಆದರೆ ಮೊದಲಿನಿಂದಲೂ ಒಬ್ಬರೇ ಮಾಲೀಕರು. ತಂಬಾಕು, ಸೋಯಾ ಹೊಲದ ಕೆಲಸ, ಮನೆ ಮಟ್ಟಿನ ಸಾಗಣೆ. ಏನೂ ಬದಲಾಯಿಸಿಲ್ಲ, ಪಂಪಿನ ಸೀಲು ಹಾಗೇ ಇತ್ತು. ಬೆಲೆ 3 ಲಕ್ಷ 10 ಸಾವಿರ ಹೇಳಿದರು.

‘ಇಂಜಿನ್ ಯಾವಾಗರೆ ಬಿಚ್ಚೀರೇನ್ರಿ ಕಾಕಾ?’ ಎಂದು ಕೇಳಿದೆ. ಹಿರಿಯರು ಒಳಗೆ ಹೋಗಿ ಗೊಬ್ಬರದ ಪ್ಲಾಸ್ಟಿಕ್ ಚೀಲ ತಂದರು. ಅದರಲ್ಲಿ ಹನ್ನೆರಡು ವರ್ಷದ ಬಿಲ್ಲುಗಳು! 2017ರಲ್ಲಿ ಕೊಲ್ಲಾಪುರದಲ್ಲಿ ಇಂಜಿನ್ ಕೆಲಸ ಆಗಿತ್ತು. ಬಿಲ್ಲಿನಲ್ಲಿ ಬೇರಿಂಗ್ ಸೈಜು ‘20’ ಎಂದಿತ್ತು.

ಈ ಅಂಕಿಯ ಅರ್ಥ ತಿಳಿದಿರಲಿ. ಕ್ರ್ಯಾಂಕ್ ಸವೆದಾಗ ಅದನ್ನು ಉಜ್ಜಿ ಸಣ್ಣ ಮಾಡಿ, ಅಷ್ಟು ದಪ್ಪದ ಬೇರಿಂಗ್ ಹಾಕುತ್ತಾರೆ. ಒಂದು ಸಲಕ್ಕೆ ಇಂಚಿನ ಸಾವಿರದ ಹತ್ತು ಭಾಗ. ಹೊಸದಕ್ಕೆ ಸ್ಟ್ಯಾಂಡರ್ಡ್, ಆಮೇಲೆ 10, 20, 30. ಬೇರಿಂಗಿನ ಬೆನ್ನ ಮೇಲೂ ಈ ಅಂಕಿ ಕೊರೆದಿರುತ್ತದೆ. ಈ ಇಂಜಿನ್ನಿಗೆ 30 ಕೊನೆ. ಅಂದರೆ ಇನ್ನೊಂದೇ ಸಲ ಉಜ್ಜಬಹುದು, ಆಮೇಲೆ ಹೊಸ ಕ್ರ್ಯಾಂಕ್. ಇದು ಎತ್ತಿನ ಕಡೇ ಹಲ್ಲು ಇದ್ದಂತೆ.

ಅಳಿಯ ಹೇಳಿದಂತೆ ‘ಬಿಚ್ಚಬೇಕಾದ ಇಂಜಿನ್’ ಎಂದೇ ಲೆಕ್ಕ ಹಾಕಿ, ಮಿಸ್ತ್ರಿಯಿಂದ ಖರ್ಚಿನ ಅಂದಾಜು ಬರೆಸಿ ಹಿರಿಯರ ಮುಂದಿಟ್ಟೆ. ಅವರೂ ಒಕ್ಕಲಿಗರೇ. ಓದಿ ನೋಡಿ 2 ಲಕ್ಷ 45 ಸಾವಿರಕ್ಕೆ ಒಪ್ಪಿದರು. ಬಿಚ್ಚಿದ ಮೇಲೆ ಆದ ಖರ್ಚು:

ಲೈನರ್, ಪಿಸ್ಟನ್, ರಿಂಗು: ರೂ. 16,800
ಬೇರಿಂಗ್‌ಗಳು: 5,200
ಕ್ರ್ಯಾಂಕ್ ಉಜ್ಜಿದ್ದು: 3,500
ಹೆಡ್, ವಾಲ್ವ್ ಕೆಲಸ: 6,400
ಗ್ಯಾಸ್ಕೆಟ್ ಸೆಟ್: 2,900
ಪಂಪ್, ನೋಜಲ್ ಸರಿಪಡಿಸಿದ್ದು: 7,500
ಆಯಿಲ್, ಫಿಲ್ಟರ್, ಕೂಲಂಟ್: 4,700
ಮಜೂರಿ: 12,000
ಒಟ್ಟು: 59,000

ಗಾಡಿ, ಇಂಜಿನ್ ಸೇರಿ 3 ಲಕ್ಷ 4 ಸಾವಿರ. ವರ್ಗಾವಣೆ, ವಿಮೆಗೆ 11 ಸಾವಿರ. ಕೈಯಲ್ಲಿ 5 ಸಾವಿರ ಉಳಿಯಿತು. ಸಾಲ ಆಗಲಿಲ್ಲ. ಚಂದ ಕಾಣುವ ಟ್ರ್ಯಾಕ್ಟರ್ ಬರಲಿಲ್ಲ ಎಂದು ಮಕ್ಕಳಿಗೆ ಸ್ವಲ್ಪ ಬೇಸರ. ಆದರೆ ಅದರ ಇಂಜಿನ್ನಿನಲ್ಲಿ ಏನಿದೆ, ಎಷ್ಟು ಆಯುಷ್ಯ ಉಳಿದಿದೆ ಎಂಬುದು ನನಗೆ ಗೊತ್ತು.

ಇಂದೇ ಒಂದು ವಹಿ ಇಡಿ

ಹೊಸ ಮೀಟರ್ ಹಾಕಿಸಿದ ದಿನದಿಂದ ನಮ್ಮ ಮನೆಯಲ್ಲಿ ಟ್ರ್ಯಾಕ್ಟರಿಗೊಂದು ವಹಿ ಇದೆ. ನೂರು ಹಾಳೆಯ ಸಾದಾ ಪುಸ್ತಕ. ಐದೇ ಕಾಲಂ: ತಾರೀಖು, ಮೀಟರಿನ ಗಂಟೆ, ಏನು ಕೆಲಸ, ಡೀಸೆಲ್ ಎಷ್ಟು, ಏನು ಬದಲಿಸಿದ್ದು. ಬಿಲ್ಲುಗಳನ್ನು ಹಿಂದೆಯೇ ಅಂಟಿಸುತ್ತೇವೆ. ಗಾಡಿ ಪಲ್ಟಿಯಾದರೆ, ನೀರಲ್ಲಿ ನಿಂತರೆ, ಕಾದು ನಿಂತರೆ ಅದನ್ನೂ ಬರೆಯಬೇಕು. ಮಗಳು ಬರೆಯುತ್ತಾಳೆ, ವಾರಕ್ಕೆ ಐದು ನಿಮಿಷ ಸಾಕು. ಗಂಟೆಗೆ ಎಷ್ಟು ಡೀಸೆಲ್ ಎಂಬುದು ಇದರಿಂದ ಕಾಣುತ್ತದೆ. ಅದೇ ಕೆಲಸಕ್ಕೆ ಖರ್ಚು ಏರತೊಡಗಿದರೆ ಹೊಗೆ ಬರುವ ಮೊದಲೇ ಇಂಜಿನ್ ನೋಡಿಸಬಹುದು.

ಹಳೇ ಗಾಡಿ ನೋಡಲು ಹೋಗುವವರೆಲ್ಲ ‘ಎಷ್ಟು ವರ್ಷದ್ದು?’ ಎನ್ನುವ ಬದಲು ‘ಬಿಲ್ಲು ಎಲ್ಲಿವೆ?’ ಎಂದು ಕೇಳತೊಡಗಿದರೆ, ಮಾರುವವರೂ ಬರೆದಿಡಲು ಕಲಿಯುತ್ತಾರೆ. ನಿಪ್ಪಾಣಿಯ ಆ ಹಿರಿಯರ ಗೊಬ್ಬರದ ಚೀಲ ಇರದಿದ್ದರೆ ಬಣ್ಣ ಹೋದ ಆ ಟ್ರ್ಯಾಕ್ಟರಿಗೆ ನಾನು ಎರಡು ಲಕ್ಷವನ್ನೂ ಕೊಡುತ್ತಿರಲಿಲ್ಲ.